ಮುಂಡಪ್ಪ ತಿನ್ನದ ಕೋಳಿ

ಬಹರೈನಿನಲ್ಲಿ ಬೇರೆಯವರ ಹೊಟ್ಟೆಕಿಚ್ಚು ಆರು ದಿನ ದುಡಿದು ಶುಕ್ರವಾರ ರಜೆ ಹಾಕುತ್ತದೆ. ಟುಬ್ಲಿಯ ಮುಂಡಪ್ಪನದು ಮಾತ್ರ ಹಾಗಲ್ಲ. ವಾರದ ಆರು ದಿನ ಅದು ಎಲ್ಲೋ ಮೂಲೆಯಲ್ಲಿ ಮುದುಡಿ ಮಲಗಿರುತ್ತಿತ್ತು. ಶುಕ್ರವಾರ ಬೆಳಕು ಹರಿಯಿತೆಂದರೆ ಎದ್ದು, ಮಿಂದು, ಇಸ್ತ್ರಿ ಅಂಗಿ ತೊಟ್ಟು, ಮುಂಡಪ್ಪನ ಜೊತೆಗೇ ಡ್ಯೂಟಿಗೆ ಹೊರಡುತ್ತಿತ್ತು. ಹೊರಡುತ್ತಿದ್ದದ್ದು ಎಲ್ಲಿಗೆಂದರೆ ಮನಾಮದ ಜೊಕಿಮನ ಹೋಟೆಲಿಗೆ.

ಸೌದಿಗೆ ಸೇತುವೆ ಕಟ್ಟುವ ಕೆಲಸ ಭರದಿಂದ ಸಾಗಿದ್ದ ವರ್ಷಗಳವು. ಟುಬ್ಲಿಯ ಒಂದು ಗ್ಯಾರೇಜು ಕಂಪನಿಯ ಕ್ಯಾಂಪಿನಲ್ಲಿ ಮುಂಡಪ್ಪ ಎಂಬತ್ತು ಮಂದಿ ವೆಲ್ಡರು, ಫಿಟ್ಟರು, ಪೇಂಟರುಗಳಿಗೆ ಅಡುಗೆ ಮಾಡುತ್ತಿದ್ದ. ಹೆಸರಿಗೆ ಹೆಡ್ ಕುಕ್. ಮಾಡುತ್ತಿದ್ದದ್ದು ಬೆಳಗ್ಗೆ ದಾಲು, ಮಧ್ಯಾಹ್ನ ದಾಲು, ಸಂಜೆಗೆ ಅದೇ ದಾಲಿಗೆ ಇನ್ನೊಂದು ಒಗ್ಗರಣೆ. ಐವತ್ತು ದಾಟಿದ ಪ್ರಾಯ. ಕುಳ್ಳ. ತಲೆಯ ಮೇಲೆ ಕೂದಲು ಕಮ್ಮಿ, ಆ ನಷ್ಟವನ್ನು ತುಂಬಿಸಲೆಂಬಂತೆ ಎರಡು ದೊಡ್ಡ ಕಿವಿ. ಆ ಕಿವಿಗಳ ಮಾತು ಮುಂದೆ ಬರುತ್ತದೆ.

ಜೊಕಿಮನ ಹೋಟೆಲು ಎಂದರೆ ಅಂಥ ದೊಡ್ಡದೇನಲ್ಲ. ಗಲ್ಲಿಯೊಳಗೆ ಒಂದು ದರ್ಜಿ ಅಂಗಡಿಗೂ ಒಂದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಆರು ಮೇಜಿನ ಜಾಗ. ಮೇಜಿನ ಮೇಲೆ ಕೆಂಪು ಚೌಕುಳಿಯ ಪ್ಲಾಸ್ಟಿಕ್ ಹಾಸು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ತಟ್ಟೆ ದಾಟಿಸಲಿಕ್ಕೆ ಒಂದು ಕಿಂಡಿ. ಬೋರ್ಡಿನಲ್ಲಿ ಇಂಗ್ಲಿಷಿನಲ್ಲೂ ಅರಬಿಯಲ್ಲೂ 'ಜಾರ್ಜಿಯಾ ಕಿಚನ್'. ಶುರುವಿನಲ್ಲಿ ನಮ್ಮ ಊರಿನವರು ಕೌಂಟರಿನಲ್ಲಿ ಕೂತ ಜೊಕಿಮನ ಹೆಂಡತಿ ವಾಯೊಲೆಟಳನ್ನು, "ಜಾರ್ಜಿ ಯಾರು ಬಾಯಮ್ಮ, ನಿಮ್ಮ ಗಂಡನ ತಮ್ಮನಾ?" ಎಂದು ಕೇಳಿದ್ದುಂಟು. ಅಮೇರಿಕದ ತೆಂಕಣ ಸೀಮೆಯಲ್ಲಿ ಹಾಗೊಂದು ರಾಜ್ಯವಿದೆ, ಅಲ್ಲಿಯ ಮನೆಯೂಟ ಇಲ್ಲಿ ಸಿಗುತ್ತದೆ ಎಂದು ಅವಳು ತಾಳ್ಮೆಯಿಂದ ಹೇಳುತ್ತಿದ್ದಳು. ಈಗ ಯಾರೂ ಕೇಳುತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಿತ್ತು. ಶುಕ್ರವಾರ ಪೂಜೆ ಮುಗಿಸಿದ ಕ್ರಿಸ್ತರು ಹೆಂಡತಿ ಮಕ್ಕಳ ಸಮೇತ, ನೈಟ್ ಡ್ಯೂಟಿ ಮುಗಿಸಿದ ನರ್ಸುಗಳು ಗುಂಪಾಗಿ, ಹಡಗಿನಿಂದಿಳಿದ ಬಿಳಿಯ ನಾವಿಕರು ಎರಡೆರಡು ಕುರ್ಚಿಗಾಗುವಷ್ಟು ಮೈ ಹೊತ್ತು, ಎಲ್ಲರೂ ಆ ಕರಿದ ಕೋಳಿಗೆ ಬರುವವರೇ. ಜಾಗ ಸಿಗದವರು ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

ಮುಂಡಪ್ಪ ಮಾತ್ರ ಎಂದೂ ಕಾದವನಲ್ಲ. ಕಿಂಡಿಯ ಪಕ್ಕದ ಸಣ್ಣ ಮೇಜು ಶುಕ್ರವಾರ ಹನ್ನೊಂದು ಗಂಟೆಯಿಂದ ಅವನದ್ದೇ. ಹಾಗೆಂದು ಜೊಕಿಮನೇ ಹೇಳಿಬಿಟ್ಟಿದ್ದ. ಕೂತವನು ತರಿಸಿಕೊಳ್ಳುತ್ತಿದ್ದದ್ದು ಕೋಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ: ಅಲಸಂದೆ ಕಾಳು ಬೇಯಿಸಿ ಬಡಿಸಿದ ಅನ್ನ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ, ಮತ್ತೆ 'ಬಿಸ್ಕಿಟ್' ಎಂದು ಅವರು ಕರೆಯುವ, ನಮ್ಮ ಬನ್ನಿಗೂ ಬ್ರೆಡ್ಡಿಗೂ ನಡುವಿನ ಒಂದು ಮೆತ್ತನೆಯ ರೊಟ್ಟಿ.

"ಮುಂಡಪ್ಪಣ್ಣಾ, ನೀವು ಮದುವೆ ಮನೆಗೆ ಬಂದು ಮದುಮಗಳನ್ನು ಬಿಟ್ಟು ಚಪ್ಪರ ನೋಡಿ ಹೋಗುವವರು," ಎಂದು ವಾಯೊಲೆಟ್ ನಗುತ್ತಿದ್ದಳು.

"ಚಪ್ಪರ ನೆಟ್ಟಗಿದ್ದರೆ ಸಾಕು ಬಾಯಮ್ಮ," ಎನ್ನುತ್ತಿದ್ದ ಮುಂಡಪ್ಪ.

ಅವನಿಗಾಗಿ ಬೆಂಡೆಕಾಯಿ ಕರಿಯಲಿಕ್ಕೆ ಜೊಕಿಮ್ ಬೇರೆಯೇ ಬಾಣಲೆ ಇಟ್ಟಿದ್ದ. ಕೋಳಿಯ ಎಣ್ಣೆ ತಾಗಬಾರದಲ್ಲ, ಅದಕ್ಕೆ. ಬೇರೆ ಯಾರಾದರೂ ಆಗಿದ್ದರೆ ಇಂಥ ಉಪಕಾರಕ್ಕೆ ಮನಸ್ಸು ತುಂಬಿ ಬರಬೇಕಿತ್ತು. ಮುಂಡಪ್ಪನಿಗೆ ಉರಿ ಹತ್ತುತ್ತಿತ್ತು. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಈ ಕ್ರಿಸ್ತರ ಪೊರ್ಬು ಒಳ್ಳೆಯವನೂ ಆಗಿದ್ದುಬಿಟ್ಟರೆ ಮನುಷ್ಯ ತನ್ನ ಹೊಟ್ಟೆಕಿಚ್ಚನ್ನು ಎಲ್ಲಿ ಇಳಿಸಬೇಕು?

ಅವನು ಬರುತ್ತಿದ್ದದ್ದು ಉಣ್ಣಲಿಕ್ಕಲ್ಲ, ಕೇಳಲಿಕ್ಕೆ. ಕಿಂಡಿಯ ಆಚೆ ಎಣ್ಣೆ ಮಾತಾಡುತ್ತಿತ್ತು, ಈಚೆ ಮುಂಡಪ್ಪ ಕಿವಿ ಕೊಟ್ಟು ಕೂರುತ್ತಿದ್ದ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಡಪ್ಪ ಬಂಟ್ವಾಳದ ಆಚೆ ಸಿದ್ಧಕಟ್ಟೆಯ ಕಡೆಯವನು. ಪ್ರಾಯದಲ್ಲಿ ಅವನಿಗೆ ಕೋಳಿಯೆಂದರೆ ಪ್ರಾಣ. ಯಾರ ಮನೆಯಲ್ಲಿ ಕೋಳಿ ಸಾರು ಕುದಿಯುತ್ತಿದೆ ಎನ್ನುವುದು ಎರಡು ಗದ್ದೆ ಆಚೆಯಿಂದ ಅವನಿಗೆ ತಿಳಿಯುತ್ತಿತ್ತು. ಮಗಳು ಸರೋಜಿನಿಗೆ ಮೂರು ವರ್ಷ ತುಂಬಿದಾಗ ವಿಷಮಶೀತ ಜ್ವರ ಬಂತು. ಡಾಕ್ಟರು ಕೈ ಚೆಲ್ಲಿದ ದಿನ ಮುಂಡಪ್ಪ ಒದ್ದೆ ಬಟ್ಟೆಯಲ್ಲಿ ಮನೆಯ ದೈವ ಕಲ್ಲುರ್ಟಿಯ ಮುಂದೆ ನಿಂತ. ಎಲ್ಲರೂ ಕೋಳಿ ಒಪ್ಪಿಸುತ್ತೇನೆ ಎಂದು ಹರಕೆ ಹೇಳುವವರು. ಅವನಿಗೆ ಅದು ಸಣ್ಣದೆನಿಸಿತು. "ಮಗುವನ್ನು ಉಳಿಸಿ ಕೊಡು ತಾಯಿ. ಇನ್ನು ಜೀವ ಇರುವವರೆಗೆ ಕೋಳಿಯನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ನಿನ್ನ ಪ್ರಸಾದದ್ದೂ ಬೇಡ," ಎಂದುಬಿಟ್ಟ. ಮಗು ಉಳಿಯಿತು. ಈಗ ಅವಳಿಗೆ ಮದುವೆಯಾಗಿ ಅವಳೇ ಮಗುವಿನ ತಾಯಿ. ಅವಳ ಕಾಗದ ಬಂದಾಗಲೆಲ್ಲ ಮುಂಡಪ್ಪ ಒಮ್ಮೆ ನಾಲಿಗೆಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿಕೊಳ್ಳುತ್ತಿದ್ದ, ಕೊಟ್ಟ ಮಾತು ಇನ್ನೂ ಅಲ್ಲೇ ಇದೆಯೋ ಎಂದು ನೋಡುವ ಹಾಗೆ.

ಹರಕೆ ಹೇಳಿದ ಎರಡೇ ವರ್ಷಕ್ಕೆ ಬಹರೈನಿನ ವೀಸಾ ಬಂತು. ಕಲ್ಲುರ್ಟಿಗೆ ತಮಾಷೆ ಮಾಡುವ ಮನಸ್ಸಾಗಿರಬೇಕು. ಅವಾಲಿಯಲ್ಲಿ, ತೈಲ ಕಂಪನಿಯ ಹುಲ್ಲುಹಾಸಿನ ಬಂಗಲೆಯೊಂದರಲ್ಲಿ ಅಡುಗೆ ಕೆಲಸ. ಸಾಹೇಬರೂ ಮೇಡಮ್ಮೂ ಜಾರ್ಜಿಯಾದವರು. ಅವರ ಪಾಲಿಗೆ ಊಟ ಎಂದರೆ ಮೊದಲು ಕೋಳಿ.

ಮೇಡಮ್ಮಿನ ಊರಿನ ಅಡುಗೆ ನೋಡಿ ಮುಂಡಪ್ಪನಿಗೆ ಆಶ್ಚರ್ಯವೋ ಆಶ್ಚರ್ಯ. ಅಲಸಂದೆ ಉಂಟು, ಬೆಂಡೆ ಉಂಟು, ಬೆಳಗ್ಗೆ ಜೋಳದ ತರಿಯ ಗಂಜಿ ಉಂಟು, ಮಜ್ಜಿಗೆಯಂತೂ ಪ್ರತಿಯೊಂದಕ್ಕೂ ಬೇಕು. ಬಿಳಿ ಚರ್ಮ ಇಲ್ಲದಿದ್ದರೆ ಇವರು ನಮ್ಮ ಮೂಡಬಿದ್ರೆಯ ಕಡೆಯವರೇ ಎಂದು ಹೆಂಡತಿಗೆ ಕಾಗದ ಬರೆದ. ಕೋಳಿಯನ್ನು ರಾತ್ರಿಯಿಡೀ ಮಜ್ಜಿಗೆಯಲ್ಲಿ, ಇಲ್ಲಿ ಅಂಗಡಿಯಲ್ಲಿ ಸಿಗುವ ಲಬನಿನಲ್ಲಿ, ನೆನೆಸಿಡಬೇಕು. ಮರುದಿನ ಮೈದಾ, ಉಪ್ಪು, ಕರಿಮೆಣಸಿನ ಪುಡಿ ಬೆರೆಸಿದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗಿಳಿಸಬೇಕು. ಮೇಡಮ್ ಒಂದು ತಿಂಗಳು ಪಕ್ಕದಲ್ಲೇ ನಿಂತು ಕಲಿಸಿದರು. ಅಡುಗೆಯವನು ರುಚಿ ನೋಡುವುದಿಲ್ಲ ಎಂದು ಗೊತ್ತಾದಾಗ ಹುಬ್ಬು ಏರಿಸಿದರು, ಕಾರಣ ಕೇಳಿ ತಿಳಿದ ಮೇಲೆ ಸುಮ್ಮನಾದರು.

ನಾಲಿಗೆಗೆ ಬೀಗ ಬಿದ್ದ ಮೇಲೆ ಮುಂಡಪ್ಪ ಕಿವಿಯಿಂದ ಅಡುಗೆ ಮಾಡಲು ಕಲಿತ. ಕೋಳಿ ಎಣ್ಣೆಗೆ ಬಿದ್ದಾಗ ಮೊದಲು ಮರುವಾಯಿ ಚಿಪ್ಪಿನ ಬುಟ್ಟಿ ಅಲ್ಲಾಡಿಸಿದಂಥ ಗಲಗಲ. ಆಮೇಲೆ ಸ್ಟೇಷನ್ ಸಿಗದ ರೇಡಿಯೋದ ಗೊರಗೊರ. ಆಮೇಲೆ ಜಗಳ ಮುಗಿದ ಮೇಲೂ ಬಿಡದೆ ಗೊಣಗುವ ಮುದುಕಿಯ ದನಿ. ಆ ಗೊಣಗು ನಿಲ್ಲುವ ಒಂದು ಉಸಿರು ಮೊದಲು ತುಂಡನ್ನು ಎತ್ತಬೇಕು. ನಿಂತ ಮೇಲೆ ಎತ್ತಿದರೆ ಮಾಂಸ ಒಣಗಿತು, ಬಹಳ ಮೊದಲು ಎತ್ತಿದರೆ ಮೂಳೆಯ ಹತ್ತಿರ ಹಸಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಅವಾಲಿಯ ಬಿಳಿಯರು ಅವನನ್ನು ಅಡುಗೆಮನೆಯಿಂದ ಊಟದ ಕೋಣೆಗೆ ಕರೆಸಿ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಬೀಳುವಾಗ ಅವನು ಏಪ್ರನ್ನಿನಲ್ಲಿ ಕೈ ಒರೆಸುತ್ತಾ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಹಿಂದೆ ಬಾಗಿಲ ಸಂದಿಯಲ್ಲಿ ಈರುಳ್ಳಿ ಹೆಚ್ಚುವ ಜೊಕಿಮ್ ಇಣುಕುತ್ತಿದ್ದ.

ಹೌದು, ಇದೇ ಜೊಕಿಮ್. ಕಿನ್ನಿಗೋಳಿಯವನು. ತೋಟದ ಹುಲ್ಲು ಕತ್ತರಿಸಲಿಕ್ಕೆಂದು ಬಂದವನನ್ನು ಮುಂಡಪ್ಪನೇ ಅಡುಗೆಮನೆಗೆ ಸೇರಿಸಿಕೊಂಡಿದ್ದ. ಆರು ವರ್ಷ ಅವನು ಪಾತ್ರೆ ತೊಳೆದ, ಈರುಳ್ಳಿ ಹೆಚ್ಚಿದ, "ಅಣ್ಣ, ಅಣ್ಣ" ಎನ್ನುತ್ತಾ ಬೆನ್ನ ಹಿಂದೆ ನಿಂತು ಎಲ್ಲ ನೋಡಿಕೊಂಡ.

ಸಾಹೇಬರು ರಿಟೈರ್ ಆಗಿ ಊರಿಗೆ ಹೋದ ಮೇಲೆ ಮುಂಡಪ್ಪ ಟುಬ್ಲಿಯ ಕ್ಯಾಂಪಿಗೆ ಸೇರಿದ. ಜೊಕಿಮ್ ಒಂದು ದಿನ ಅಲ್ಲಿಗೆ ಬಂದ. ಒಬ್ಬ ಅರಬಾಬ್, ಅಂದರೆ ಇಲ್ಲಿಯ ಅರಬಿ ಧಣಿ, ಜಾಗ ಕೊಡುತ್ತಾನೆ, ಲೈಸೆನ್ಸ್ ಅವನ ಹೆಸರಿನಲ್ಲಿ. "ಅಣ್ಣ, ನೀವು ಎಣ್ಣೆಯ ಹತ್ತಿರ ನಿಲ್ಲಿ, ನಾನೂ ವಾಯ್ಲಿಯೂ ಹೊರಗೆ ನೋಡಿಕೊಳ್ತೇವೆ. ಅರ್ಧರ್ಧ ಪಾಲು," ಎಂದ.

ಮುಂಡಪ್ಪ ಬಾಯ್ತುಂಬ ನಕ್ಕುಬಿಟ್ಟ. "ಮೇಡಮ್ಮಿನ ಅಡುಗೆಯನ್ನು ಗಲ್ಲಿಯಲ್ಲಿ ಮಾರುವುದಾ? ಯಾರು ಮಾರಾಯ ತಿನ್ನುವವರು? ನಮ್ಮವರಿಗೆ ಅದು ಸಪ್ಪೆ. ಬಿಳಿಯರು ಆ ಗಲ್ಲಿಗೆ ಬರ್ಲಿಕ್ಕೆ ಅವರಿಗೆಂತ ಮಂಡೆ ಸಮ ಇಲ್ವಾ?"

ಆ ನಗುವನ್ನು ನೆನೆಸಿಕೊಂಡು ಈಗ ಅವನು ಪ್ರತಿ ಶುಕ್ರವಾರ ಆ ಗಲ್ಲಿಯಲ್ಲಿ ಕೂರುತ್ತಿದ್ದ. ನಮ್ಮವರೂ ತಿನ್ನುತ್ತಿದ್ದರು, ಬಿಳಿಯರೂ ಬರುತ್ತಿದ್ದರು. ನರ್ಸುಗಳು ಮೂಳೆಯನ್ನು ಚೀಪಿ ಚೀಪಿ ಬೆಳ್ಳಗೆ ಮಾಡಿ ತಟ್ಟೆಯಲ್ಲಿ ಸಾಲಾಗಿ ಜೋಡಿಸುವುದನ್ನು ನೋಡುವಾಗ ಮುಂಡಪ್ಪನ ಗಂಟಲಿನಲ್ಲಿ ಅಲಸಂದೆ ಇಳಿಯುತ್ತಿರಲಿಲ್ಲ. "ಜೊಕಿಮನ ಕೈಗುಣವೇ ಗುಣ," ಎಂದು ಯಾರಾದರೂ ಹೇಳಿದರಂತೂ ಮುಗಿಯಿತು. ಕೈ ಯಾರದ್ದು? ಆ ಕೈಗೆ ಹಿಟ್ಟು ಹಿಡಿಯಲು ಕಲಿಸಿದ ಕೈ ಯಾರದ್ದು?

ಅವನಿಗಿದ್ದ ಒಂದೇ ಸಮಾಧಾನವೆಂದರೆ ವಾಸನೆ. ಕಿಂಡಿಯಿಂದ ಬರುವ ಹಬೆಯಲ್ಲಿ ಕರಿಮೆಣಸಿನ ಜೊತೆ ಇನ್ನೊಂದು ಘಮವಿತ್ತು. ಮೂರನೆಯ ಶುಕ್ರವಾರವೇ ಮುಂಡಪ್ಪ ಅದನ್ನು ಹಿಡಿದುಹಾಕಿದ್ದ. ಬಫಾತ್ ಹುಡಿ! ಮಂಗಳೂರಿನ ಕ್ರಿಸ್ತರು ಹಂದಿ ಮಾಂಸಕ್ಕೆ ಹಾಕುವ ಆ ಮೆಣಸು, ಕೊತ್ತಂಬರಿ, ಅರಶಿನದ ಹುಡಿಯನ್ನು ಜೊಕಿಮ್ ಮೇಡಮ್ಮಿನ ಕೋಳಿಯ ಹಿಟ್ಟಿಗೆ ಸೇರಿಸಿದ್ದ. ಕೆಡಿಸಿದ್ದಾನೆ! ತನ್ನ ಕೋಳಿಯ ಮುಂದೆ ಇದು ಯಾವ ಲೆಕ್ಕ? ಆದರೆ ಕೆಡಿಸಿದ್ದನ್ನು ಜನ ಯಾಕೆ ಚೀಪುತ್ತಾರೆ? ಎಣ್ಣೆಯ ಸದ್ದೂ ತಕರಾರಿಗೆ ಎಡೆ ಕೊಡುತ್ತಿರಲಿಲ್ಲ. ಗೊಣಗು ನಿಲ್ಲುವ ಒಂದು ಉಸಿರು ಮೊದಲೇ ಜೊಕಿಮ್ ತುಂಡುಗಳನ್ನು ಎತ್ತುತ್ತಿದ್ದ. ಅಷ್ಟನ್ನೂ ಕದ್ದಿದ್ದ.

ಮುಂಡಪ್ಪನಿಗೆ ಬೇಕಾದದ್ದು ಒಂದೇ ಒಂದು ಮಾತು. ತನ್ನದು ಮೇಲೋ, ಅವನದು ಮೇಲೋ. ಅದು ತಿಳಿಯದೆ ಅವನಿಗೆ ನಿದ್ದೆ ಸರಿ ಬೀಳುತ್ತಿರಲಿಲ್ಲ. ಸ್ವತಃ ತಿಂದು ನೋಡುವ ಹಾಗಿಲ್ಲ. ಹಾಗಾಗಿ ಒಂದು ಶುಕ್ರವಾರ ಹುಸೈನಬ್ಬನನ್ನು ಕರೆತಂದ.

ಹುಸೈನಬ್ಬ ದೇರಳಕಟ್ಟೆಯ ಬ್ಯಾರಿ, ಸಿಹಿನೀರಿನ ಟ್ಯಾಂಕರ್ ಡ್ರೈವರು. ಕ್ಯಾಂಪಿಗೆ ನೀರು ತರುವಾಗ ಮುಂಡಪ್ಪನ ಅಡುಗೆಮನೆಯಲ್ಲಿ ಚಹಾ ಕುಡಿದು ಬೆಳೆದ ಗೆಳೆತನ. ಅವನ ಮುಂದೆ ಮೂರು ತುಂಡು ಕೋಳಿ ಬಂತು. ಮುಂಡಪ್ಪ ಮೊಣಕೈ ಊರಿ ಮುಂದಕ್ಕೆ ಬಾಗಿದ.

"ಹೇಳು."

"ಎಂತ ಹೇಳುವುದು? ತಿನ್ನಲಿಕ್ಕೆ ಬಿಡು."

ಮೊದಲ ತುಂಡು ಮುಗಿಯಿತು.

"ಈಗ ಹೇಳು. ಹೇಗುಂಟು?"

"ಒಳ್ಳೆದುಂಟು."

"ಒಳ್ಳೆದು ಅಂದ್ರೆ ಎಂತ ಒಳ್ಳೆದು? ಹೊರಗಿನ ಹಿಟ್ಟಿನ ಹಪ್ಪಳ ಮಾಂಸಕ್ಕೆ ಅಂಟಿಕೊಂಡು ಉಂಟಾ, ಬಿಟ್ಟು ಬರ್ತದಾ? ಒಳಗೆ ನೀರು ಉಂಟಾ? ಮೂಳೆಯ ಹತ್ತಿರ ಬಣ್ಣ ಎಂತ?"

"ನಾನು ತಿಂದದ್ದು ಮಾರಾಯ, ಪೋಸ್ಟ್‌ಮಾರ್ಟಂ ಮಾಡಿದ್ದಲ್ಲ!" ಹುಸೈನಬ್ಬ ಎರಡನೆಯ ತುಂಡಿಗೆ ಕೈ ಹಾಕಿದ. "ಒಳ್ಳೆದುಂಟು ಅಂದ್ರೆ ಒಳ್ಳೆದುಂಟು. ನಾಲ್ಕು ತುಂಡು ಹೇಳಬೇಕಿತ್ತು."

"ನನ್ನದಕ್ಕಿಂತ ಒಳ್ಳೆದಾ?"

ಹುಸೈನಬ್ಬ ಅಗಿಯುವುದನ್ನು ನಿಲ್ಲಿಸಿದ. "ನಿನ್ನದನ್ನು ನಾನು ಯಾವಾಗ ತಿಂದದ್ದು? ನಿನ್ನ ಕೈಯದ್ದು ನಾನು ತಿಂದದ್ದು ದಾಲ್. ನಿನ್ನ ಕೋಳಿ ತಿಂದವರು ಈ ದ್ವೀಪದಲ್ಲಿ ಯಾರಾದರೂ ಇದ್ದಾರಾ?"

ಮುಂಡಪ್ಪ ಯೋಚಿಸಿ ನೋಡಿದ. ಮೇಡಮ್ ಜಾರ್ಜಿಯಾದಲ್ಲಿ. ಸಾಹೇಬರೂ ಅಲ್ಲೇ. ಚಪ್ಪಾಳೆ ತಟ್ಟಿದ ಬಿಳಿಯರೆಲ್ಲ ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿ ಹೋಗಿಯಾಗಿತ್ತು. ಹನ್ನೊಂದು ವರ್ಷದ ಕೋಳಿಗೆ ಇಡೀ ಬಹರೈನಿನಲ್ಲಿ ಉಳಿದಿದ್ದ ಸಾಕ್ಷಿ ಒಬ್ಬನೇ ಒಬ್ಬ. ಅವನು ಕಿಂಡಿಯ ಆಚೆ ನಿಂತು ಎಣ್ಣೆಯಿಂದ ತುಂಡು ಎತ್ತುತ್ತಿದ್ದ.

"ಕೇಳು ಅವನನ್ನೇ," ಎಂದ ಹುಸೈನಬ್ಬ, ಬೆರಳು ನೆಕ್ಕುತ್ತಾ.

"ಅವನನ್ನಾ? ನಾನಾ?" ಮುಂಡಪ್ಪ ಎದ್ದು ಕೈ ತೊಳೆಯಲು ಹೋದ. ಕೈಯಲ್ಲಿ ಏನೂ ಅಂಟಿರಲಿಲ್ಲ.

ಕೇಳಬೇಕೆಂದರೆ ಸುಲಭವೇ? ಮೂರು ಶುಕ್ರವಾರ ಅವನು ಮಾತನ್ನು ಬಾಯಿಯವರೆಗೆ ತಂದು ಅಲಸಂದೆಯ ಜೊತೆ ನುಂಗಿದ. ಗುರು ಶಿಷ್ಯನ ಹತ್ತಿರ ಹೋಗಿ ನನಗೆ ಎಷ್ಟು ಮಾರ್ಕು ಎಂದು ಕೇಳುವುದೆಂದರೆ ಎಂಥ ಅವಮಾನ. ಇನ್ನೊಂದು ಹೆದರಿಕೆಯೂ ಇತ್ತು. ಈ ಜೊಕಿಮ್ ಒಳ್ಳೆಯವನು. ಒಳ್ಳೆಯವರು ಮರ್ಯಾದೆಗೆ ಸುಳ್ಳು ಹೇಳುತ್ತಾರೆ. "ನಿಮ್ಮದೇ ಮೇಲು ಅಣ್ಣ," ಎಂದುಬಿಟ್ಟರೆ ಅದನ್ನು ನಂಬುವುದು ಹೇಗೆ?

ನಾಲ್ಕನೆಯ ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಗದ್ದಲ ಇಳಿಯಿತು. ಕೊನೆಯ ಇಬ್ಬರು ನಾವಿಕರು ಹಲ್ಲುಕಡ್ಡಿ ಕಚ್ಚಿಕೊಂಡು ಹೋದರು. ಅವತ್ತೂ ಜೊತೆಗೆ ಬಂದಿದ್ದ ಹುಸೈನಬ್ಬ ಹೊರಗೆ ತನ್ನ ಕಂಪನಿಯ ಪಿಕಪ್ಪಿನಲ್ಲಿ ಸೀಟು ಹಿಂದಕ್ಕೊರಗಿಸಿ ಮಲಗಿದ್ದ. ಜೊಕಿಮ್ ಬೆವರೊರೆಸುತ್ತಾ ಬಂದು ಮುಂಡಪ್ಪನ ಎದುರು ಕುಕ್ಕರಿಸಿದ. ವಾಯೊಲೆಟ್ ಪಕ್ಕದ ಮೇಜು ಒರೆಸುತ್ತಿದ್ದಳು.

"ಎಂತ ಅಣ್ಣ, ಬೆಂಡೆ ಸರಿ ಆಗಲಿಲ್ವಾ? ಮುಖ ಹೀಗೆ ಯಾಕೆ?"

"ಪೊರ್ಬು, ಒಂದು ಕೇಳ್ತೇನೆ. ದೇವರ ಮೇಲೆ ಆಣೆ ಇಟ್ಟು ಹೇಳಬೇಕು."

"ಕೇಳಿ."

"ಅವಾಲಿಯಲ್ಲಿ ನಾನು ಮಾಡ್ತಿದ್ದದ್ದು ಮೇಲಾ, ಇಲ್ಲಿ ನೀನು ಮಾಡುವುದು ಮೇಲಾ?"

ವಾಯೊಲೆಟಳ ಬಟ್ಟೆ ಮೇಜಿನ ಮೇಲೆ ನಿಂತಿತು. ಜೊಕಿಮ್ ಗಡ್ಡ ಕೆರೆದುಕೊಂಡ. ಮುಂಡಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಸುಳ್ಳು ಎಲ್ಲಿಂದ ಹೊರಡುತ್ತದೆ ಎಂದು ಕಾಯುತ್ತಿದ್ದ.

"ನನಗೆ ಗೊತ್ತಿಲ್ಲ ಅಣ್ಣ," ಎಂದ ಜೊಕಿಮ್.

"ಗೊತ್ತಿಲ್ಲ ಅಂದ್ರೆ? ಆರು ವರ್ಷ ಅಲ್ಲಿ ಇದ್ದದ್ದು ಯಾರು, ನಿನ್ನ ಅಜ್ಜನಾ?"

"ಇದ್ದೆ. ತಿಂದದ್ದು ಯಾವಾಗ? ನೀವು ಎಂಟು ತುಂಡು ಕರಿದ್ರೆ ಎಂಟೂ ಒಳಗೆ ಹೋಗ್ತಿತ್ತು. ಉಳಿದು ಬಂದದ್ದು ಫ್ರಿಜ್ಜಿಗೆ. ಮರುದಿವಸ ಅದು ನನಗೆ. ತಣ್ಣಗೆ, ರಬ್ಬರಿನ ಹಾಗೆ. ಬಿಸಿ ಒಂದು ತುಂಡು ನಾನು ಕಂಡವನಲ್ಲ."

"ಅದು... ಎಣಿಸಿ ಕಳಿಸುವುದಲ್ವಾ ಮಾರಾಯ."

"ಮೇಡಮ್ ಯಾವತ್ತೂ ಎಣಿಸಿದ್ದಿಲ್ಲ ಅಣ್ಣ. ಎಣಿಸ್ತಿದ್ದದ್ದು ನೀವು."

ಜೊಕಿಮ್ ಇದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ಹವೆ ಹೇಗಿದೆ ಎಂದು ಹೇಳುವ ಹಾಗೆ ಹೇಳಿದ. ಮುಂಡಪ್ಪನಿಗೆ ಕಿವಿಯ ತುದಿಯವರೆಗೆ ಬಿಸಿಯಾಯಿತು. ಆರು ವರ್ಷ ಬೆನ್ನ ಹಿಂದೆ ನಿಂತವನಿಗೆ ಒಂದು ರೆಕ್ಕೆಯ ತುಂಡನ್ನಾದರೂ ತೆಗೆದು ಕೊಟ್ಟಿದ್ದರೆ ಇವತ್ತು ಒಂದು ಸಾಕ್ಷಿ ಇರುತ್ತಿತ್ತು. ತಾನು ತಿನ್ನದ್ದನ್ನು ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬ ತಿನ್ನುವುದನ್ನು ನೋಡಲಿಕ್ಕೆ ಆಗ ತನಗೆ ಮನಸ್ಸಿರಲಿಲ್ಲ. ಅದನ್ನು ಇದುವರೆಗೆ ಅವನು ತನಗೇ ಹೇಳಿಕೊಂಡಿರಲಿಲ್ಲ. ಹೊಟ್ಟೆಕಿಚ್ಚು ಈ ಹೋಟೆಲಿನ ಬೋರ್ಡು ಏರಿದ ದಿನ ಹುಟ್ಟಿದ್ದಲ್ಲ ಹಾಗಾದರೆ. ಅದಕ್ಕೆ ಆಗಲೇ ಪ್ರಾಯ ಬಂದಿತ್ತು.

ಅವನು ಎದ್ದ. ಅಂಗಿಯ ತೋಳು ಮಡಚಿದ.

"ಲಬನಿನಲ್ಲಿ ಹಾಕಿಟ್ಟದ್ದು ಉಳಿದಿದೆಯಾ?"

"ಉಂಟು. ನಾಲ್ಕು ತುಂಡು."

"ಒಳಗೆ ನಡಿ. ನಿನ್ನ ಹಿಟ್ಟು ಬೇಡ. ಬೇರೆ ಮೈದಾ ತೆಗಿ."

ಜೊಕಿಮನ ಅಡುಗೆಮನೆಗೆ ಮುಂಡಪ್ಪ ಕಾಲಿಟ್ಟದ್ದು ಅದೇ ಮೊದಲು. ಕಾಲಿಟ್ಟ ಕೂಡಲೇ ಇನ್ನೊಂದು ಮುಳ್ಳು ಚುಚ್ಚಿತು. ಗೋಡೆಯ ಮೊಳೆಯಲ್ಲಿ ಮೇಡಮ್ಮಿನ ಅಳತೆ ಚಮಚ ನೇತಾಡುತ್ತಿತ್ತು. ಬಂಗಲೆ ಖಾಲಿ ಮಾಡುವಾಗ ಏನು ಬೇಕು ಎಂದು ಕೇಳಿದ್ದಕ್ಕೆ ಮುಂಡಪ್ಪ ಗೋಡೆ ಗಡಿಯಾರ ಕೇಳಿದ್ದ. ಈ ಕಳ್ಳ ಚಮಚ ಕೇಳಿದ್ದ. ಮುಂಡಪ್ಪ ಅದನ್ನು ತೆಗೆದು, ನಾಲ್ಕು ತುಂಡಿಗೆ ಹಿಂದೆ ಹಾಕುತ್ತಿದ್ದ ಲೆಕ್ಕದಲ್ಲೇ ಒಂದು ಚಮಚ ಉಪ್ಪು, ಅರ್ಧ ಚಮಚ ಕರಿಮೆಣಸು ಹಾಕಿ ಹಿಟ್ಟು ಕಲೆಸಿದ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಎರಡು ತುಂಡು ಎಣ್ಣೆಗಿಳಿದ ಮೇಲೆ ಅವನು ಬಾಣಲೆಗೆ ಬೆನ್ನು ಹಾಕಿ ನಿಂತು ಕಣ್ಣು ಮುಚ್ಚಿದ. ವಾಯೊಲೆಟ್ ಬಾಗಿಲಲ್ಲಿ ಬಂದು ನಿಂತಳು. ಗಲಗಲ ಹೋಗಿ ಗೊರಗೊರ ಬಂತು, ಗೊರಗೊರ ಹೋಗಿ ಗೊಣಗು ಬಂತು. ಮುಂಡಪ್ಪ ತಿರುಗಿ ಒಂದೇ ಏಟಿಗೆ ಎರಡೂ ತುಂಡು ಎತ್ತಿದ.

"ತಿನ್ನು. ಬಿಸಿ ಬಿಸಿ ತಿನ್ನು."

ಜೊಕಿಮ್ ಕಚ್ಚಿದ. ಹಪ್ಪಳ ಮುರಿದ ಸದ್ದು ಮುಂಡಪ್ಪನಿಗೆ ಕೇಳಿಸಿತು. ಆ ಸದ್ದಿನಲ್ಲಿ ಒಂದು ತಪ್ಪೂ ಇರಲಿಲ್ಲ. ಜೊಕಿಮ್ ಅಗಿದ, ಇನ್ನೂ ಅಗಿದ, ಕಣ್ಣು ಮೇಲೆ ಮಾಡಿ ತಾರಸಿ ನೋಡಿದ. ಆಮೇಲೆ ಬಹಳ ಸಂಕಟದ ಮುಖ ಮಾಡಿ ಹೇಳಿದ:

"ಅಣ್ಣ, ಉಪ್ಪು ಕಮ್ಮಿ."

"ಸುಳ್ಳು!"

"ಆಣೆ ಹಾಕಿಸಿದ್ದು ನೀವೇ ಅಲ್ವಾ?"

"ಮೇಡಮ್ ಹೇಳಿದ ಚಮಚ. ಹನ್ನೊಂದು ವರ್ಷ ಅದೇ ಚಮಚ. ಒಬ್ಬ ಬಿಳಿಯ ಒಂದು ಮಾತು ಹೇಳಿದ್ದಿಲ್ಲ!"

"ಮೇಡಮ್ ನಿಮಗೆ ಹೇಳಿಕೊಟ್ಟದ್ದು ಊರ ಕೋಳಿಗೆ ಅಣ್ಣ, ಇಷ್ಟಿಷ್ಟೇ ಇರುವುದಕ್ಕೆ. ಆಮೇಲೆ ಡೆನ್ಮಾರ್ಕಿನ ಫ್ರೋಜನ್ ಬರಲಿಕ್ಕೆ ಶುರು ಆಯ್ತು. ಕೋಳಿ ದೊಡ್ಡದಾಯ್ತು, ಚಮಚ ಅಷ್ಟೇ ಇತ್ತು. ಬಿಳಿಯರ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇರ್ತದೆ. ಎರಡು ಸಲ ಕೊಡವಿ ತಿಂತಾರೆ. ಯಾರು ಹೇಳ್ತಾರೆ?" ಜೊಕಿಮ್ ತಡೆದು ಸೇರಿಸಿದ, "ನನಗೆ ಡಬ್ಬಿ ಎಲ್ಲಿಂದ ಬರಬೇಕು? ಕ್ವಾರ್ಟರ್ಸಿನಲ್ಲಿ ಉಪ್ಪು ಬೆರೆಸಿದ ಬಫಾತ್ ಹುಡಿ ಇತ್ತು. ತಣ್ಣಗಿನ ತುಂಡಿಗೆ ಅದನ್ನೇ ಉದುರಿಸಿ ತಿಂತಿದ್ದೆ. ಹಾಗೆ ಅಭ್ಯಾಸ ಆದದ್ದು."

ಮುಂಡಪ್ಪನ ಕಣ್ಣ ಮುಂದೆ ಆ ಬೆಳ್ಳಿಯ ಉಪ್ಪಿನ ಡಬ್ಬಿ ಬಂತು. ಪ್ರತಿ ಶನಿವಾರ ಅದನ್ನು ತುಂಬಿಸುತ್ತಿದ್ದವನು ತಾನೇ. ಇಷ್ಟು ಬೇಗ ಹೇಗೆ ಖಾಲಿಯಾಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹಪ್ಪಳದ ಹಾಗೆ ಒಳಗೆ ಏನೋ ಮುರಿಯಿತು, ಆದರೆ ಎಣ್ಣೆ ಇನ್ನೂ ಕಾದಿತ್ತು.

"ಎಷ್ಟು ಕಮ್ಮಿ?"

"ಎರಡು ಚಿಟಿಕೆ."

"ಯಾರ ಚಿಟಿಕೆ? ನನ್ನದಾ ನಿನ್ನದಾ?"

"ನನ್ನದು."

ಮುಂಡಪ್ಪ ಜೊಕಿಮನ ಬೆರಳುಗಳನ್ನು ನೋಡಿದ. ಆ ಬೆರಳುಗಳು ನೇರವಾಗಿ ಬಾಯಿಗೆ ಹೋಗಿ ಬರಬಲ್ಲವು. ಯಾವ ದೈವವೂ ತಡೆಯುವುದಿಲ್ಲ. ಒಂದು ಗಳಿಗೆ ಅವನಿಗೆ ಹೋಟೆಲಿನ ಮೇಲಲ್ಲ, ಬೋರ್ಡಿನ ಮೇಲಲ್ಲ, ಆ ನಾಲಿಗೆಯ ಮೇಲೆ ಹೊಟ್ಟೆ ಉರಿಯಿತು. ಆಮೇಲೆ ಹಿಟ್ಟಿನ ತಟ್ಟೆಯನ್ನು ಅವನತ್ತ ದೂಡಿದ.

"ಹಾಕು."

ಜೊಕಿಮ್ ಎರಡು ಚಿಟಿಕೆ ಹಾಕಿದ. ಉಳಿದೆರಡು ತುಂಡು ಎಣ್ಣೆಗಿಳಿಯಿತು. ಮುಂಡಪ್ಪ ಮತ್ತೆ ಬೆನ್ನು ಹಾಕಿ ನಿಂತ, ಮತ್ತೆ ಸರಿಯಾದ ಉಸಿರಿಗೆ ತಿರುಗಿದ.

ಈ ಸಲ ಜೊಕಿಮ್ ಕಚ್ಚಿದವನು ತಾರಸಿ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ತಿಂದ. ಮೂಳೆಗೆ ಅಂಟಿದ್ದನ್ನೂ ಬಿಡದೆ ತಿಂದ. ಇನ್ನೊಂದು ತುಂಡಿಗೆ ವಾಯೊಲೆಟ್ ಕೈ ಚಾಚಿದರೆ ತಟ್ಟೆಯನ್ನು ಈಚೆಗೆ ಎಳೆದುಕೊಂಡ.

"ಅಯ್ಯೋ ಇವರೇ, ಒಂದು ಚೂರು ಕೊಡಿ!" ಎಂದು ಅವಳು ಕಿತ್ತುಕೊಂಡು ಬಾಯಿಗಿಟ್ಟಳು. ಇಟ್ಟವಳು ಗಂಡನನ್ನು ನೋಡಿದಳು. ಗಂಡ ಅವಳನ್ನು ನೋಡಿದ. ಇಬ್ಬರೂ ಮುಂಡಪ್ಪನನ್ನು ನೋಡಲಿಲ್ಲ.

"ಹೇಳು ಪೊರ್ಬು," ಎಂದ ಮುಂಡಪ್ಪ.

ಜೊಕಿಮ್ ನಳ್ಳಿಯಲ್ಲಿ ಕೈ ತೊಳೆದ. ಬಹಳ ಹೊತ್ತು ತೊಳೆದ. ಒರೆಸಿಕೊಳ್ಳುತ್ತಾ ಗೋಡೆಗೆ ಹೇಳುವ ಹಾಗೆ ಹೇಳಿದ:

"ಅಣ್ಣ, ಇನ್ನು ಮುಂದೆ ನೀವು ಈ ಅಡುಗೆಮನೆಗೆ ಬರ್ಬೇಡಿ. ಹೊರಗೆ ಕೂರಿ, ಏನು ಬೇಕಾದರೂ ತರಿಸಿಕೊಳ್ಳಿ. ಇಲ್ಲಿ ಮಾತ್ರ ಎಣ್ಣೆ ಮುಟ್ಟಬೇಡಿ."

"ಯಾಕೆ?"

"ಒಬ್ಬ ಗಿರಾಕಿ ಇದನ್ನು ತಿಂದರೆ ಸಾಕು, ನಾಳೆ ನನ್ನದನ್ನು ಯಾರು ತಿನ್ನುತ್ತಾರೆ?" ಎಂದವನೇ ಜೊಕಿಮ್ ಹಿಟ್ಟಿನ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಸಿಂಕಿಗೆ ಎತ್ತಿಹಾಕಿದ. ಅವನ ಮುಖ ಕೆಂಪಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ "ಅಣ್ಣ" ಎನ್ನುವಾಗ ಅವನ ದನಿಯಲ್ಲಿ ಸ್ವಲ್ಪ ಹುಳಿಯಿತ್ತು.

ಮುಂಡಪ್ಪ ಅಂಗಿಯ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡ. ಹೊರಗೆ ಬಿಸಿಲು ಇನ್ನೂ ಬಿಳಿಯಾಗಿತ್ತು. ಪಿಕಪ್ಪಿನ ಬಾಗಿಲು ತೆಗೆದು ಹತ್ತಿ ಕೂತು, ಮುಂದಿನ ಗಾಜಿನಲ್ಲಿ ಗಲ್ಲಿಯ ಆ ಬೋರ್ಡನ್ನು ನೋಡಿದ. ಹುಸೈನಬ್ಬ ಕಣ್ಣುಜ್ಜುತ್ತಾ ಎದ್ದ.

"ಎಂತ ಆಯ್ತು? ಕೇಳಿದೆಯಾ?"

"ಕೇಳಿದೆ."

"ಯಾರದ್ದು ಮೇಲಂತೆ?"

"ಉಪ್ಪು ಕಮ್ಮಿ ಅಂತ ಹೇಳಿದ," ಎಂದ ಮುಂಡಪ್ಪ. ಹೇಳಿದ ಮೇಲೆ ಅವನ ಬಾಯಿ ತನ್ನಷ್ಟಕ್ಕೆ ಅಗಲವಾಯಿತು, ಕಿವಿಗಳವರೆಗೂ ಹೋಯಿತು. ಮಗಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಿದೆ ಎಂದು ನಾಲ್ಕು ಜನರ ಮುಂದೆ ಹೇಳುವ ತಂದೆಯ ಹಾಗೆ ಮೆಲ್ಲಗೆ, ನಿಧಾನವಾಗಿ ಹೇಳಿದ: "ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಹುಸೈನಬ್ಬಾ. ಬಹಳ ಹೊಟ್ಟೆಕಿಚ್ಚು."